ಕ್ವಿಂಟಾಲ್ ಮೇಸ್ತ್ರಿಯ ಸೀಟು

ಟ್ರ್ಯಾಕ್ಟರ್ ಸ್ಟಾರ್ಟ್ ಆಗದ ಮೊದಲ ದಿನವೇ ನನ್ನ ದೊಡ್ಡಣ್ಣ ಸಣ್ಣಣ್ಣನ ಮೂಗು ಒಡೆದ. ಬ್ಯಾಟರಿ ನೋಡಲಿಲ್ಲ, ಪೆಟ್ರೋಲ್ ಇದೆಯೋ ಇಲ್ಲವೋ ನೋಡಲಿಲ್ಲ. ಕೀಲಿ ತಿರುಗಿಸಿದ, ಟಕ್ ಎನ್ನುವ ಸದ್ದೂ ಬರಲಿಲ್ಲ, ಕೆಳಗಿಳಿದ, ಶೆಡ್ಡಿನ ಬಾಗಿಲಲ್ಲಿ ಪೊರಕೆ ಹಿಡಿದು ನಿಂತಿದ್ದ ತಮ್ಮನ ಮುಖಕ್ಕೆ ಗುದ್ದಿದ. "ಏನ್ ಮಾಡ್ದೆ ಇದಕ್ಕೆ?" ಎಂದು ಕೇಳಿದ್ದು ಆಮೇಲೆ. ಅವನ ಕ್ರಮವೇ ಹಾಗೆ, ಮೊದಲು ಕೈ, ನಂತರ ಪ್ರಶ್ನೆ. ನಾನು ಲಾಂಡ್ರಿಯಿಂದ ಒದ್ದೆ ಟವೆಲ್ ತಂದು ಸಣ್ಣಣ್ಣನ ಮೂಗಿಗೆ ಒತ್ತಿ ಹಿಡಿದೆ. ಕ್ಲಬ್ಬಿನ ಬಿಳಿ ಟವೆಲ್ಲು ಅದು. ಎಷ್ಟು ಕುದಿಸಿದರೂ ಆ ಕಲೆ ಹೋಗಲಿಲ್ಲ.

ಒಡಹುಟ್ಟಿದವನ ಬಗ್ಗೆ ಹೀಗೆ ಶುರು ಮಾಡಬಾರದು ಎಂದು ಯಾರಾದರೂ ಹೇಳಬಹುದು. ಹೇಳುವವರು ಅವನ ಪಕ್ಕದ ಮನೆಯಲ್ಲಿ ಒಂದು ವಾರ ಇದ್ದು ಆಮೇಲೆ ಹೇಳಲಿ.

ನಾವು ಮೂವರೂ ಒಂದೇ ಕ್ರೀಡಾ ಕ್ಲಬ್ಬಿನ ಅನ್ನ ತಿಂದವರು. ದೊಡ್ಡಣ್ಣ ಅಲ್ಲಿ ಮೈದಾನದ ಮೇಸ್ತ್ರಿ. ಸಣ್ಣಣ್ಣ ಅವನ ಕೈಕೆಳಗೆ ನೀರು ಬಿಡುವುದು, ಗೆರೆ ಎಳೆಯುವುದು, ಗುಡಿಸುವುದು ಮಾಡುತ್ತಿದ್ದ. ನನ್ನದು ಲಾಂಡ್ರಿ. ದೊಡ್ಡಣ್ಣನ ಹೆಂಡತಿ, ನಮ್ಮ ಅತ್ತಿಗೆ, ಹರಿದ ಗೋಲ್ ಬಲೆ ಮತ್ತು ಆಟಗಾರರ ಜರ್ಸಿ ಹೊಲಿಯುತ್ತಿದ್ದಳು. ಮೈದಾನದ ಹಿಂದೆ ಕೆಲಸದವರಿಗೆಂದು ಕಟ್ಟಿದ ಸಾಲುಮನೆಗಳಿದ್ದವು. ಒಂದರಲ್ಲಿ ಅಣ್ಣ ಅತ್ತಿಗೆ, ಪಕ್ಕದ್ದರಲ್ಲಿ ನಾನು ಮತ್ತು ಸಣ್ಣಣ್ಣ. ನಾನು ಮದುವೆಯಾಗಲಿಲ್ಲ. ಆ ಗೋಡೆಯ ಈಚೆ ಮಲಗಿದವಳಿಗೆ ಮದುವೆಯ ಆಸೆ ಹುಟ್ಟುವುದು ಕಷ್ಟ.

ಗೋಡೆಯಾಚೆ ಮೊದಲು ಪಾತ್ರೆ ಬೀಳುವ ಸದ್ದು ಬರುತ್ತಿತ್ತು, ಹಿಂದೆಯೇ ಅತ್ತಿಗೆ ಬೀಳುವ ಸದ್ದು. ಎರಡಕ್ಕೂ ಇರುವ ವ್ಯತ್ಯಾಸ ನಮಗೆ ಕಣ್ಣು ಮುಚ್ಚಿಕೊಂಡರೂ ತಿಳಿಯುತ್ತಿತ್ತು. ಆ ಹೊತ್ತಿಗೆ ಸಾಲಿನ ಎಲ್ಲ ಮನೆಗಳಲ್ಲೂ ಮಾತು ನಿಲ್ಲುತ್ತಿತ್ತು, ಮುಗಿದ ಮೇಲೆ ನಿಂತಲ್ಲಿಂದ ಶುರುವಾಗುತ್ತಿತ್ತು. ಕೆಲವು ಸಲ ಅವಳನ್ನು ಅಂಗಳಕ್ಕೆ ಎಳೆದು ತಂದು ಹೊಡೆಯುತ್ತಿದ್ದ. ಆಗ ಜನ ಕಿಟಕಿಗೆ ಬರುತ್ತಿದ್ದರು. ಬರುತ್ತಿದ್ದರು, ಅಷ್ಟೇ. ಅತ್ತಿಗೆ ಬಾಯಿ ಬಿಟ್ಟು ಅತ್ತದ್ದು ಯಾರೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಅವಳ ಹೊಲಿಗೆ ಮಿಷನ್ನಿನ ಸದ್ದು ಬರುತ್ತಿತ್ತು, ಸದ್ಯ ಕೈ ಮುರಿದಿಲ್ಲ ಎಂದು ನಾನು ಮಗ್ಗುಲು ಬದಲಿಸುತ್ತಿದ್ದೆ.

ಎದುರಿಗೆ ಎಲ್ಲರೂ ಅವನನ್ನು ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಕ್ವಿಂಟಾಲ್. ಹೆಸರಿಗೆ ತಕ್ಕ ಆಳು. ಬಾಗಿಲಲ್ಲಿ ನಿಂತರೆ ಕೋಣೆಗೆ ಬೆಳಕು ಬರುತ್ತಿರಲಿಲ್ಲ. ಇಬ್ಬರು ಹೊರುವ ಗೋಲ್ ಕಂಬವನ್ನು ಒಬ್ಬನೇ ಹೆಗಲಿಗೇರಿಸಿ ನಡೆಯುತ್ತಿದ್ದ. ಕೆಲಸದಲ್ಲಿ ಅವನನ್ನು ಬೆರಳು ಮಾಡಿ ತೋರಿಸುವ ಹಾಗಿರಲಿಲ್ಲ. ಚಪ್ಪಲಿ ಬಿಟ್ಟು ಹುಲ್ಲಿನ ಮೇಲೆ ನಡೆದು, ಎಲ್ಲಿ ನೀರು ಹೆಚ್ಚಾಗಿದೆ, ಎಲ್ಲಿ ಬೇರಿಗೆ ಹುಳ ಬಿದ್ದಿದೆ ಎಂದು ಅಂಗಾಲಲ್ಲೇ ಹೇಳುತ್ತಿದ್ದ. ಹುಲ್ಲನ್ನು ಮುಟ್ಟುವಾಗ ಮಾತ್ರ ಅವನ ಕೈ ಮೆತ್ತಗಾಗುತ್ತಿತ್ತು. ಅದನ್ನು ನೋಡಿ ನನಗೆ ಇನ್ನಷ್ಟು ಮೈ ಉರಿಯುತ್ತಿತ್ತು. ಹುಲ್ಲಿನ ಮೇಲೆ ಮೆತ್ತಗಾಗುವ ಕೈ ಮನೆಯಲ್ಲೂ ಆಗಬಹುದಿತ್ತಲ್ಲ.

ಅವನ ಮರ್ಯಾದೆಯೆಲ್ಲ ಇದ್ದದ್ದು ಆ ಟ್ರ್ಯಾಕ್ಟರಿನ ಸೀಟಿನ ಮೇಲೆ. ಉಳುವ ಟ್ರ್ಯಾಕ್ಟರ್ ಅಲ್ಲ, ತೋಟ ಮತ್ತು ಮೈದಾನಕ್ಕೆಂದು ಮಾಡಿದ ಪುಟ್ಟ ಗಾಡಿ, ಹೊಟ್ಟೆಯ ಕೆಳಗೆ ಹುಲ್ಲು ಕತ್ತರಿಸುವ ಬ್ಲೇಡು. ಅದನ್ನು ಓಡಿಸುವವನೇ ಮೇಸ್ತ್ರಿ. ಉಳಿದವರು ಅವನ ಹಿಂದೆ ನಡೆದು ಬಿದ್ದ ಹುಲ್ಲು ಗುಡಿಸುವವರು. ಕೀಲಿ ಆಫೀಸಿನ ಗೋಡೆಯ ಮೊಳೆಯಲ್ಲಿ ನೇತಾಡುತ್ತಿತ್ತು. ಒಂದು ಮಧ್ಯಾಹ್ನ ಗೇಟಿನ ಕಾವಲುಗಾರ ಆ ಕೀಲಿ ತೆಗೆದುಕೊಂಡು, ಮೋಜಿಗೆಂದು ಗಾಡಿ ಹತ್ತಿ, ಆಗಷ್ಟೇ ಹಾಸಿದ್ದ ಹುಲ್ಲನ್ನು ಗೋಲ್ ಮುಂದೆ ಚಾಪೆ ಕಿತ್ತಂತೆ ಕಿತ್ತುಹಾಕಿದ. ಅಣ್ಣ ಅವನನ್ನು ಹಣ್ಣುಗಾಯಿ ನೀರುಗಾಯಿ ಮಾಡಿದ. ಕಾವಲುಗಾರನ ಎಡಗಿವಿಗೆ ಇವತ್ತಿಗೂ ಸರಿಯಾಗಿ ಕೇಳುವುದಿಲ್ಲ. ಆ ಮೇಲೆ ಅಣ್ಣ ಶೆಡ್ಡಿನ ಬಾಗಿಲು ಹಾಕಿಕೊಂಡು ಗಾಡಿಗೆ ಏನೋ ಮಾಡಿದ. ಏನೆಂದು ನಮಗೆ ಹೇಳಲಿಲ್ಲ. ಅಂದಿನಿಂದ ಅದು ಅವನೊಬ್ಬನಿಗೇ ಸ್ಟಾರ್ಟ್ ಆಗುತ್ತಿತ್ತು. ಬೇರೆ ಯಾರು ಕೂತು ಕೀಲಿ ತಿರುಗಿಸಿದರೂ ಗಾಡಿ ಜಪ್ಪಯ್ಯ ಎನ್ನುತ್ತಿರಲಿಲ್ಲ. ಅವನು ಮೀಸೆಯಲ್ಲೇ ನಗುತ್ತಿದ್ದ.

ಈಗ ಅದೇ ಗಾಡಿ ಅವನಿಗೂ ಕೈಕೊಟ್ಟಿತ್ತು. ತಮ್ಮನ ಮೂಗು ಒಡೆದ ಮೇಲೆ ಅವನು ಬ್ಯಾಟರಿ ಬಿಚ್ಚಿದ. ತುದಿಗಳಿಗೆ ಹತ್ತಿದ್ದ ಬಿಳಿ ಪುಡಿಯನ್ನು ಬಿಸಿನೀರಲ್ಲಿ ತೊಳೆದು, ಉಪ್ಪುಕಾಗದದಲ್ಲಿ ಉಜ್ಜಿ, ಬಿಗಿದ. ಫ್ಯೂಸ್ ಬದಲಿಸಿದ. ಪ್ಲಗ್ ಬಿಚ್ಚಿ ಮಸಿ ಒರೆಸಿದ. ಸೀಟು ಮಗುಚಿ ಅದರ ಕೆಳಗಿನ ಗುಂಡಿಯನ್ನು ಬೆರಳಲ್ಲಿ ಒತ್ತಿ ನೋಡಿದ. ಚಾಲಕ ಸೀಟಿನಲ್ಲಿ ಕೂತಿದ್ದಾನೆ ಎಂದು ಗಾಡಿಗೆ ತಿಳಿಸುವ ಗುಂಡಿ ಅದು. ಕೂತವನು ಬಿದ್ದುಹೋದರೆ ಬ್ಲೇಡು ತಾನಾಗಿ ನಿಲ್ಲಲಿ ಎಂದು ಕಂಪನಿಯವರೇ ಇಟ್ಟದ್ದು. ಟಿಕ್ ಎಂದಿತು. "ಇದು ಸರಿ ಇದೆ," ಎಂದು ಸೀಟು ಮುಚ್ಚಿದ. ಸ್ಕ್ರೂಡ್ರೈವರಿನಿಂದ ಸ್ಟಾರ್ಟರಿನ ಎರಡು ತುದಿ ಕೂಡಿಸಿದರೆ ಎಂಜಿನ್ ಗರಗರ ತಿರುಗುತ್ತಿತ್ತು, ಹೊತ್ತಿಕೊಳ್ಳುತ್ತಿರಲಿಲ್ಲ. ಬೆಳಗಿನ ಕೆಲಸವೆಲ್ಲ ಹಾಳಾಯಿತು. ಕೊನೆಗೆ ಪಿತ್ತ ನೆತ್ತಿಗೇರಿ, ಗಾಡಿಯ ಅಪ್ಪ ಅಮ್ಮನನ್ನೆಲ್ಲ ಬೈದು, ಎದ್ದು ನಿಂತು, ಧಪ್ಪೆಂದು ಸೀಟಿನ ಮೇಲೆ ಕುಕ್ಕರಿಸಿ ಕೀಲಿ ತಿರುಗಿಸಿದ. ಸ್ಟಾರ್ಟ್ ಆಯಿತು.

ಇದರಿಂದ ಅವನು ಕಲಿತದ್ದು ಒಂದೇ ಪಾಠ. ಒದೆ ಬಿದ್ದರೆ ಮನುಷ್ಯರ ಹಾಗೆ ಯಂತ್ರವೂ ಮಾತು ಕೇಳುತ್ತದೆ.

ಆಮೇಲೆ ದಿನವೂ ಅದೇ ಪೂಜೆ. ಬಾನೆಟ್ಟಿಗೆ ಗುದ್ದುವುದು, ಚಕ್ರಕ್ಕೆ ಒದೆಯುವುದು, ಸೀಟಿನ ಮೇಲೆ ಧಪ್ಪೆಂದು ಬೀಳುವುದು. ಒಮ್ಮೆ ಹೊತ್ತಿಕೊಳ್ಳುತ್ತಿತ್ತು, ಒಮ್ಮೆ ಇಲ್ಲ. ಹೊತ್ತಿಕೊಂಡರೂ ಮೈದಾನದ ನಡುವೆ ಸಣ್ಣ ತಗ್ಗಿಗೆ ಚಕ್ರ ಇಳಿದು ಅವನು ಸೀಟಿನಿಂದ ಚೂರು ಮೇಲೆದ್ದರೆ ಸಾಕು, ಪಟ್ಟನೆ ನಿಲ್ಲುತ್ತಿತ್ತು. ನಿಂತಾಗಲೆಲ್ಲ ಅವನು ಮೊದಲು ತಿರುಗಿ ನೋಡುತ್ತಿದ್ದದ್ದು ಸಣ್ಣಣ್ಣನನ್ನು. ನೀರಿನ ಪೈಪಿನಲ್ಲಿ ಬೆನ್ನಿಗೆ ಬಾರಿಸಿದ. ಕೂದಲು ಹಿಡಿದು ಎಂಜಿನ್ನಿನ ಬಿಸಿ ತಗಡಿಗೆ ಕೆನ್ನೆ ಒತ್ತಿದ. "ಎಲ್ಲಿ ವೈರ್ ಕಿತ್ತಿದ್ದೀಯ ಹೇಳು. ನನ್ನ ಸೀಟಿನ ಮೇಲೆ ಕಣ್ಣು ಹಾಕ್ತೀಯಾ?" ಸಣ್ಣಣ್ಣ ಕೆನ್ನೆಗೆ ಮುಲಾಮು ಹಚ್ಚಿಕೊಂಡು ಮರುದಿನ ಮತ್ತೆ ಪೊರಕೆ ಹಿಡಿದು ಬಂದ. ಬಿಟ್ಟುಹೋಗು ಎಂದು ನಾನು ಬಾಯಿ ಬಡಿದುಕೊಂಡೆ. "ಎಲ್ಲಿಗೆ ಹೋಗ್ಲಿ? ನಂಗೆ ಬರೋದು ಇದೊಂದೇ ಕೆಲ್ಸ," ಎಂದ. ತಿರುಗಿ ಹೊಡೆಯುವ ಯೋಚನೆ ಅವನಿಗೆ ಬರಲೇ ಇಲ್ಲ. ಹಲ್ಲಿ ಗಾತ್ರದವನಿದ್ದಾಗಿನಿಂದ ಆ ಕೈಯ ಏಟು ತಿಂದವನು, ತಾನು ಬೆಳೆದಿದ್ದೇನೆ ಎನ್ನುವುದನ್ನೇ ಮರೆತಿದ್ದ.

ಆಫೀಸಿನವರು ಮೆಕ್ಯಾನಿಕ್ಕನ್ನು ಕರೆಸಿದರು. ಕುತ್ತಿಗೆಯೇ ಕಾಣದ ದಢೂತಿ ಆಸಾಮಿ, ಸದಾ ಏನಾದರೂ ಮೆಲ್ಲುತ್ತಿರುವವನು. ಕೆಲಸದ ಪೆಟ್ಟಿಗೆ ಕೆಳಗಿಟ್ಟು, ನೋಡೋಣ ಎಂದು ಸೀಟಿನ ಮೇಲೆ ಕೂತ. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ನಿಲ್ಲಿಸಿ ಮತ್ತೆ ತಿರುಗಿಸಿದ, ಮತ್ತೆ ಆಯಿತು.

"ಗಾಡಿಗೆ ಏನೂ ಆಗಿಲ್ಲ ಮೇಸ್ತ್ರಿ," ಎಂದು ನಕ್ಕ. "ನಿಮ್ ಕೈಗುಣ ನೋಡ್ಕೊಳ್ಳಿ."

ಅಣ್ಣ ಹತ್ತಿ ಕೂತ. ಕೀಲಿ ತಿರುಗಿಸಿದ. ಸದ್ದಿಲ್ಲ. ಮೆಕ್ಯಾನಿಕ್ ನಗು ನಿಲ್ಲಿಸುವಷ್ಟರಲ್ಲಿ ಅಣ್ಣ ಅವನದೇ ಪೆಟ್ಟಿಗೆಯಿಂದ ದಪ್ಪ ಸ್ಪ್ಯಾನರ್ ಎತ್ತಿ ಬೀಸಿದ. ತಲೆಗೆ ಬೀಳಬೇಕಾದದ್ದು ಅವನ ವ್ಯಾನಿನ ಗಾಜಿಗೆ ಬಿತ್ತು. ಮೆಕ್ಯಾನಿಕ್ ಗಾಜಿನ ಚೂರುಗಳ ಮೇಲೇ ಕೂತು ವ್ಯಾನ್ ಓಡಿಸಿಕೊಂಡು ಹೋದ. ಪೆಟ್ಟಿಗೆ ಕೇಳಿಕೊಂಡೂ ಮತ್ತೆ ಬರಲಿಲ್ಲ.

ಇಷ್ಟಾದ ಮೇಲೆ ಅಣ್ಣನಿಗೆ ಅನುಮಾನವೇ ಉಳಿಯಲಿಲ್ಲ. ತಮ್ಮನೂ ಮೆಕ್ಯಾನಿಕ್ಕೂ ಸೇರಿ ತನ್ನನ್ನು ಸೀಟಿನಿಂದ ಇಳಿಸಲು ಹೊಂಚು ಹಾಕಿದ್ದಾರೆ ಎಂದು ತೀರ್ಮಾನಿಸಿದ. ಊಟದ ತಟ್ಟೆಯ ಮುಂದೆ ಅದನ್ನೇ ಹೇಳುತ್ತಿದ್ದ, ನಿದ್ದೆಯಲ್ಲೂ ಅದನ್ನೇ. "ಮುಗಿಸಿಬಿಡ್ತೀನಿ ಅವನನ್ನ," ಎನ್ನುವುದು ಗೋಡೆಯ ಈಚೆ ಸಣ್ಣಣ್ಣನಿಗೂ ಕೇಳುತ್ತಿತ್ತು. ಅವನು ಚಾಪೆಯನ್ನು ನನ್ನ ಮಂಚದ ಪಕ್ಕಕ್ಕೆ ಎಳೆದುಕೊಂಡು ಮಲಗತೊಡಗಿದ.

ಆ ವರ್ಷದ ಕೊನೆಯ ಪಂದ್ಯ ಹತ್ತಿರ ಬಂತು. ಹುಲ್ಲು ಮೊಣಕಾಲ ಕೆಳಗಿನ ತನಕ ಬೆಳೆದಿತ್ತು. ಕ್ಲಬ್ಬಿನ ಸೆಕ್ರೆಟರಿ ಮೈದಾನಕ್ಕೆ ಬಂದು, ಬಿಸಿಲಿಗೆ ಕಣ್ಣು ಕಿರಿದು ಮಾಡಿ, ಅಣ್ಣನನ್ನು ಎಲ್ಲರೆದುರು ನಿಲ್ಲಿಸಿದರು.

"ನೋಡಿ ಮೇಸ್ತ್ರಿ, ನಾಳೆ ಹುಲ್ಲು ಕತ್ತರಿಸಿ ಆಗಿರ್ಬೇಕು. ಆಗದಿದ್ರೆ ನಿಮ್ಮ ತಮ್ಮನ್ನ ಮೇಸ್ತ್ರಿ ಮಾಡ್ತೀನಿ, ಬೇರೆ ಗಾಡಿ ತರಿಸ್ತೀನಿ. ನೀವು ಗೇಟಲ್ಲಿ ಕಾವಲಿಗೆ ಕೂತ್ಕೊಳ್ಳಿ."

ಗೇಟಿನಲ್ಲಿ, ಅಂದರೆ ತಾನು ಕಿವಿ ಕಿವುಡು ಮಾಡಿದವನ ಪಕ್ಕದ ಸ್ಟೂಲಿನ ಮೇಲೆ. ಅಣ್ಣ ತಲೆ ತಿರುಗಿಸಿ ಸಣ್ಣಣ್ಣನನ್ನು ನೋಡಿದ.

ಸಂಜೆ ಅತ್ತಿಗೆ ಲಾಂಡ್ರಿಗೆ ಬಂದಳು. ಅವಳ ಕೈಯಲ್ಲಿ ಅಣ್ಣನ ಖಾಕಿ ಪ್ಯಾಂಟಿತ್ತು. ಬಾಯ್ಲರಿನ ಪಕ್ಕದ ಬೆಂಚಿನಲ್ಲಿ ಕೂತು ಸೂಜಿಗೆ ದಾರ ಹಾಕಿದಳು. ನಾನು ಒದ್ದೆ ಜರ್ಸಿಗಳನ್ನು ಹಿಂಡುತ್ತ, ನಾಳೆ ಇಬ್ಬರಲ್ಲಿ ಒಬ್ಬರು ಉಳಿಯುವುದಿಲ್ಲ, ಹಾಳು ಟ್ರ್ಯಾಕ್ಟರಿಗೆ ಯಾವ ರೋಗ ಬಂತೋ ಎಂದೆ.

"ಅದಕ್ಕೆ ರೋಗ ಇಲ್ಲ ಕಣೇ," ಎಂದಳು ತಲೆ ಎತ್ತದೆ. "ರೋಗ ಇರೋದು ಅದರ ಮೇಲೆ ಕೂರೋರಿಗೆ."

ನಾನು ಹಿಂಡುವುದನ್ನು ನಿಲ್ಲಿಸಿದೆ.

"ಕಾವಲುಗಾರನ ಗಲಾಟೆ ಆಯ್ತಲ್ಲ, ಆಮೇಲೆ ಅವರು ಸೀಟಿನ ಕೆಳಗಿದ್ದ ಸ್ಪ್ರಿಂಗ್ ಕಿತ್ತು ಲಾರಿ ಸೀಟಿನ ಗಟ್ಟಿ ಸ್ಪ್ರಿಂಗ್ ಹಾಕಿದ್ರು. ಟಾರ್ಚ್ ಹಿಡಿದಿದ್ದು ನಾನೇ. ಇನ್ಮೇಲೆ ನನ್ನಷ್ಟು ಭಾರ ಇರೋನು ಕೂತ್ರೆ ಮಾತ್ರ ಸೀಟು ಕೆಳಗಿಳಿದು ಗುಂಡಿ ಒತ್ತುತ್ತೆ, ನನ್ನಷ್ಟು ಭಾರ ಇರೋನು ಈ ಕ್ಲಬ್ಬಲ್ಲಿ ಇನ್ನೊಬ್ಬ ಇಲ್ಲ, ಅಂದ್ರು. ಯಾರಿಗಾದ್ರೂ ಹೇಳಿದ್ರೆ ನಾಲಿಗೆ ಕೀಳ್ತೀನಿ ಅಂದ್ರು."

ಅವಳು ಪ್ಯಾಂಟನ್ನು ತಿರುಗಿಸಿ ನನ್ನ ಮುಂದೆ ಹಿಡಿದಳು. ಸೊಂಟದ ಬಟ್ಟೆಯನ್ನು ಒಳಗೆ ಹಿಡಿದು ಹೊಲಿದಿದ್ದಳು, ಆ ಹೊಲಿಗೆಯ ಪಕ್ಕದಲ್ಲಿ ಇನ್ನೊಂದು, ಅದರ ಪಕ್ಕದಲ್ಲಿ ಮತ್ತೊಂದು. ಹಿಂದಿನ ಎರಡು ಜೇಬುಗಳು ಒಂದಕ್ಕೊಂದು ತಾಗುವಷ್ಟು ಹತ್ತಿರ ಬಂದಿದ್ದವು.

"ಅವನಿಗೇ ಗೊತ್ತಾಗಲ್ವಾ ಅತ್ತಿಗೆ?"

"ಹೇಗೆ ಗೊತ್ತಾಗುತ್ತೆ? ಬೆಳಗ್ಗೆ ಹಾಕ್ಕೊಂಡ್ರೆ ಪ್ಯಾಂಟು ಸರಿಯಾಗಿ ಹಿಡಿಯುತ್ತೆ. ಮೊದಲ ಸಲ ಸಡಿಲ ಆದಾಗ, ಒಗೆದೊಗೆದು ಹಿಗ್ಗಿಸಿಬಿಟ್ಟಿದ್ದೀಯ ಅಂತ ನನ್ನ ತಲೆನ ಗೋಡೆಗೆ ಗುದ್ದಿದ್ರು. ಅವತ್ತಿಂದ ಅವರಿಗೆ ಸಡಿಲ ಆಗೋಕೆ ನಾನು ಬಿಟ್ಟಿಲ್ಲ. ಬೆಲ್ಟಿಗೆ ತೂತನ್ನೂ ನಾನೇ ಹಾಕ್ತೀನಿ, ಹಳೇ ತೂತನ್ನ ಮೇಣ ತುಂಬಿ ಮುಚ್ತೀನಿ."

ನನಗೆ ನಗಬೇಕೋ ಕಿರುಚಬೇಕೋ ತಿಳಿಯಲಿಲ್ಲ. ಅವನು ಕೊಡಗಟ್ಟಲೆ ನೀರು ಕುಡಿಯುತ್ತಾನೆ, ಕಾಲಿನ ಗಾಯ ಮಾಯುತ್ತಿಲ್ಲ, ತಿಂದದ್ದು ಮೈಗೆ ಹತ್ತುತ್ತಿಲ್ಲ ಎಂದು ಅವಳು ಒಂದೊಂದಾಗಿ ಹೇಳಿದಳು. ಡಾಕ್ಟರ್ ಎಂಬ ಮಾತೆತ್ತಿದ್ದಕ್ಕೆ ಅವಳ ಮುಂದಿನ ಹಲ್ಲು ಹೋಗಿತ್ತು. ಮೆಟ್ಟಿಲಲ್ಲಿ ಬಿದ್ದೆ ಎಂದು ನಮಗೆ ಹೇಳಿದ್ದಳು. ಇಷ್ಟೆಲ್ಲ ನಮ್ಮ ಕಣ್ಣೆದುರೇ ನಡೆದಿತ್ತು, ನಾವು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವನನ್ನು ನೋಡುವುದನ್ನೇ ನಾವು ಬಿಟ್ಟಿದ್ದೆವು. ಅವನು ಬಂದರೆ ತಲೆ ತಗ್ಗಿಸಿ, ಅವನ ಕೈ ಎಲ್ಲಿದೆ ಎಂದಷ್ಟೇ ಗಮನಿಸುತ್ತಿದ್ದೆವು. ಕೈ ಮೊದಲಿನಷ್ಟೇ ದೊಡ್ಡದಾಗಿತ್ತು.

"ಹೇಳಿಬಿಡು ಅತ್ತಿಗೆ. ನೀನು ಹೇಳದಿದ್ರೆ ನಾನು ಹೇಳ್ತೀನಿ."

"ಏನಂತ ಹೇಳ್ತೀಯ? ನೀನು ಕರಗಿ ಹೋಗಿದ್ದೀಯ, ನಿನ್ನ ಸೀಟಿಗೆ ನೀನೇ ಸಾಲ್ತಿಲ್ಲ ಅಂತಲಾ? ಹಾಗಂದ್ರೆ ಅವರು ನಿನ್ನನ್ನ ಉಳಿಸ್ತಾರಾ?" ಅವಳು ಹಲ್ಲಿನಲ್ಲಿ ದಾರ ಕಡಿದಳು. "ಇನ್ನೊಂದು ಮಾತು ಹೇಳ್ತೀನಿ, ಬೈಕೋಬೇಡ. ಗಾಡಿ ಕೆಟ್ಟಾಗಿನಿಂದ ಅವರ ಏಟೆಲ್ಲ ಅದಕ್ಕೆ, ನಿನ್ನ ಸಣ್ಣಣ್ಣನಿಗೆ ಹೋಗ್ತಿದೆ. ನನ್ನ ಹತ್ರ ಬರೋಷ್ಟರಲ್ಲಿ ಸುಸ್ತಾಗಿರ್ತಾರೆ. ಮದುವೆಯಾದ ಮೇಲೆ ನಾನು ನೆಮ್ಮದಿಯಾಗಿ ನಿದ್ದೆ ಮಾಡಿದ್ದು ಇದೇ ದಿನಗಳಲ್ಲಿ."

ನನಗೆ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ನಾಳೆ ಸಣ್ಣಣ್ಣನನ್ನು ಮನೆಯಿಂದ ಹೊರಗೆ ಬಿಡಬಾರದು ಎಂದಷ್ಟೇ ನಿರ್ಧರಿಸಿದೆ.

ಬೆಳಗ್ಗೆ ನಾನೇಳುವ ಮೊದಲೇ ಅವನು ಎದ್ದು ಹೋಗಿದ್ದ. ಪೊರಕೆಯೂ ಇರಲಿಲ್ಲ.

ಕೂಗು ಕೇಳಿ ಓಡಿದೆ. ಟ್ರ್ಯಾಕ್ಟರ್ ಶೆಡ್ಡಿನ ಮುಂದಿನ ಹುಲ್ಲಿನಲ್ಲಿ ನಿಂತಿತ್ತು. ಸಣ್ಣಣ್ಣ ಅದರ ಚಕ್ರಕ್ಕೆ ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತಿದ್ದ. ಅಣ್ಣ ಮೆಕ್ಯಾನಿಕ್ ಬಿಟ್ಟುಹೋದ ಸ್ಪ್ಯಾನರ್ ಹಿಡಿದು ಅವನ ಮೇಲೆ ನಿಂತಿದ್ದ. "ಯಾವ ವೈರು?" ಎಂದು ಕೇಳಿದ. ಸಣ್ಣಣ್ಣ ತಲೆ ಅಲ್ಲಾಡಿಸಿದ. ಅಣ್ಣ ಸ್ಪ್ಯಾನರ್ ಬೀಸಿದ. ಸಣ್ಣಣ್ಣ ಬಲಗೈ ಅಡ್ಡ ಹಿಡಿದ, ಮೂಳೆ ಮುರಿದ ಸದ್ದು ನನಗೆ ದೂರಕ್ಕೇ ಕೇಳಿಸಿತು. ಅವನು ಕಿರುಚಲೂ ಇಲ್ಲ. ಮುರಿದ ಕೈಯನ್ನು ಎದೆಗೆ ಒತ್ತಿಕೊಂಡು ಬಾಯಿ ತೆರೆದು ಕೂತ. ಅಣ್ಣ ಮತ್ತೆ, "ಯಾವ ವೈರು?" ಎಂದ. ಈ ಸಲ ಮೊಣಕಾಲಿಗೆ ಹೊಡೆದ. ನಾನು ಹಿಂದಿನಿಂದ ಅವನ ಶರ್ಟು ಜಗ್ಗಿದೆ. ಮೊಣಕೈಯಲ್ಲಿ ನನ್ನ ಬಾಯಿಗೆ ಗುದ್ದಿ ಬೀಳಿಸಿದ. ಸಾಲುಮನೆಗಳ ಬಾಗಿಲು ತೆರೆದು ಜನ ಹೊರಗೆ ಬಂದು ನಿಂತರು. ಗೇಟಿನಿಂದ ಕಾವಲುಗಾರನೂ ಬಂದ. ಯಾರೂ ಹುಲ್ಲಿನ ಮೇಲೆ ಕಾಲಿಡಲಿಲ್ಲ, ಒದ್ದೆ ಹುಲ್ಲು ತುಳಿದರೆ ಮೇಸ್ತ್ರಿ ಬೈಯುತ್ತಾನೆ ಎಂಬಂತೆ ಅಂಚಿನಲ್ಲೇ ಸಾಲಾಗಿ ನಿಂತರು.

ಅಣ್ಣ ಸ್ಪ್ಯಾನರನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆ ಎತ್ತಿದ. ಈ ಸಲ ಅವನ ಕಣ್ಣು ಇದ್ದದ್ದು ತಮ್ಮನ ನೆತ್ತಿಯ ಮೇಲೆ.

"ಗಾಡಿ ಸ್ಟಾರ್ಟ್ ಆಗುತ್ತೆ," ಎಂದಳು ಅತ್ತಿಗೆ.

ಅವಳು ಯಾವಾಗ ಬಂದಳೋ ನಾನು ನೋಡಿರಲಿಲ್ಲ. ದನಿ ಏರಿಸಿರಲಿಲ್ಲ. ಅಣ್ಣ ಎತ್ತಿದ ಕೈಯಲ್ಲೇ ತಿರುಗಿದ.

"ನಾನು ಸ್ಟಾರ್ಟ್ ಮಾಡಿಸ್ತೀನಿ. ನೀವು ಹೋಗಿ ಕೂತ್ಕೊಳ್ಳಿ."

"ನೀನೇನು ಮಾಡ್ತೀಯೇ?"

"ಕೂತ್ಕೊಳ್ಳಿ ಅಂದೆ."

ಆ ಮನೆಗೆ ಬಂದ ಮೇಲೆ ಅವಳು ಅವನಿಗೆ ಎದುರು ಮಾತಾಡಿದ್ದು ಅದೇ ಮೊದಲು. ಅಚ್ಚರಿಗೋ ಏನೋ, ಅವನು ಸ್ಪ್ಯಾನರನ್ನು ಹುಲ್ಲಿಗೆ ಹಾಕಿ ಹೋಗಿ ಸೀಟಿನ ಮೇಲೆ ಕೂತ. ಬ್ರೇಕ್ ತುಳಿದ, ಕೀಲಿ ತಿರುಗಿಸಿದ. ಸದ್ದಿಲ್ಲ. "ನೋಡ್ದಾ?" ಎಂದು ಹಲ್ಲು ಕಡಿದ. ಅತ್ತಿಗೆ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೆಟ್ಟಿಲ ಮೇಲೆ ಕಾಲಿಟ್ಟು ಹತ್ತಿ, ಅಷ್ಟೂ ಜನರೆದುರು ಗಂಡನ ತೊಡೆಯ ಮೇಲೆ ಕೂತಳು. ಸೀಟು ಕಿರ್ರೆಂದು ಕೆಳಗಿಳಿಯಿತು.

"ಈಗ ತಿರುಗಿಸಿ," ಎಂದಳು.

ಅವನು ತಿರುಗಿಸಿದ. ಎಂಜಿನ್ ಒಂದೇ ಸಲಕ್ಕೆ ಹೊತ್ತಿಕೊಂಡಿತು.

ಎಂಜಿನ್ ಸುಖವಾಗಿ ಗುಡುಗುಡು ಎನ್ನುತ್ತಿತ್ತು. ಹೆಂಡತಿಯ ಭುಜದ ಹಿಂದೆ ಅಣ್ಣನ ಮುಖ ಕಾಣುತ್ತಿತ್ತು, ನಾನು ಎಷ್ಟೋ ಕಾಲದ ಮೇಲೆ ಅದನ್ನು ಸರಿಯಾಗಿ ನೋಡಿದೆ. ಕೆನ್ನೆಯಲ್ಲಿ ಮಾಂಸವೇ ಇರಲಿಲ್ಲ. ಅವನಿಗೆ ಅರ್ಥವಾಗಿತ್ತು. ಸ್ಪ್ರಿಂಗ್ ಹಾಕಿದವನು ಅವನೇ ತಾನೆ, ವಿವರಿಸುವ ಅಗತ್ಯವಿರಲಿಲ್ಲ.

ಆಗ ಕಾವಲುಗಾರ ನಕ್ಕ. ಕಿವುಡು ಕಿವಿಯವನ ನಗು, ಎಷ್ಟು ಜೋರಾಗಿದೆ ಎಂದು ಅವನಿಗೇ ಗೊತ್ತಾಗಲಿಲ್ಲ.

ಅಣ್ಣ ಎರಡೂ ಕೈಯಲ್ಲಿ ಅತ್ತಿಗೆಯನ್ನು ಪಕ್ಕಕ್ಕೆ ನೂಕಿದ. ಅವಳು ಮಗ್ಗುಲಾಗಿ ಹುಲ್ಲಿಗೆ ಬಿದ್ದಳು. ಸೀಟು ಮೇಲೆ ಬಂತು, ಎಂಜಿನ್ ನಿಂತಿತು. ಅವನು ಹುಚ್ಚು ಹಿಡಿದವನಂತೆ ಕೀಲಿ ತಿರುಗಿಸಿದ, ತಿರುಗಿಸಿದ, ಸೀಟಿನ ಮೇಲೆ ಎದ್ದೆದ್ದು ಕುಕ್ಕರಿಸಿದ. ಏನೂ ಆಗಲಿಲ್ಲ. ಅತ್ತಿಗೆ ಎದ್ದು, ಕೈಗೆ ಮೆತ್ತಿದ ಮಣ್ಣು ಕೊಡವಿ, ಅವನ ಮುಂದೆ ನಿಂತಳು.

"ನೀವು ಮೊದಲಿನ ಭಾರ ಇಲ್ಲ. ಕಾಯಿಲೆ ಬಿದ್ದಿದ್ದೀರಿ. ನಿಮ್ಮ ತಮ್ಮ ಯಾವ ವೈರೂ ಕಿತ್ತಿಲ್ಲ. ಆಸ್ಪತ್ರೆಗೆ ನಡೀರಿ."

ಅವನು ಇಳಿದು ಬಂದ. ಕೈಯನ್ನು ಪೂರ್ತಿ ಹಿಂದಕ್ಕೆ ಎಳೆದು, ತನ್ನಲ್ಲಿದ್ದ ಶಕ್ತಿಯನ್ನೆಲ್ಲ ಹಾಕಿ ಅವಳ ಕೆನ್ನೆಗೆ ಬಾರಿಸಿದ. ಈ ಏಟಿಗೆ ಅವಳು ಗೋಡೆ ದಾಟಿ ಬೀಳುತ್ತಿದ್ದ ಕಾಲವಿತ್ತು. ಈಗ ಅವಳ ಮುಖ ಒಂದಿಷ್ಟು ತಿರುಗಿತು, ಮತ್ತೆ ನೇರವಾಯಿತು. ಕಾಲು ಕದಲಲಿಲ್ಲ. ಏಟಿನ ರಭಸಕ್ಕೆ ಓಲಾಡಿದವನು ಅವನೇ. ಒದ್ದೆ ಹುಲ್ಲಿನಲ್ಲಿ ಕಾಲು ಜಾರಿ ಅಂಗಾತ ಬಿದ್ದ.

ಸಣ್ಣಣ್ಣ ಅದನ್ನು ನೋಡಿದ. ಚಕ್ರಕ್ಕೆ ಒರಗಿದ್ದವನು ಎಡಗೈ ಊರಿ ಎದ್ದ. ಹುಲ್ಲಿನಲ್ಲಿ ಬಿದ್ದಿದ್ದ ಸ್ಪ್ಯಾನರ್ ಎತ್ತಿಕೊಂಡ. ಕುಂಟುತ್ತ ಬಂದು ಅಣ್ಣನ ಭುಜಕ್ಕೆ ಹೊಡೆದ. ಹೊಡೆದು, ಏನಾಗುತ್ತದೋ ಎಂದು ಒಂದು ಕ್ಷಣ ಕಾದ. ಏನೂ ಆಗಲಿಲ್ಲ. ಮತ್ತೆ ಹೊಡೆದ, ಪಕ್ಕೆಗೆ. ಮತ್ತೆ. ಹೊಡಿ ಎಂದು ನಾನು ಕೂಗಿದೆ. ನನ್ನ ಬಾಯಿಯಿಂದ ರಕ್ತ ಸುರಿಯುತ್ತಿತ್ತು, ಆದರೂ ಕೂಗಿದೆ, ಕೂಗಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಿಲ್ಲ. ಎಷ್ಟು ವರ್ಷದ ಬಾಕಿ ಅದು. ಅಣ್ಣ ಕೈ ಅಡ್ಡ ಹಿಡಿದ. ಮೊಣಕೈ ಮೇಲೆ, ಮುಖ ಒಳಗೆ, ಮೊಣಕಾಲು ಹೊಟ್ಟೆಗೆ. ನಾವೆಲ್ಲ ಹಿಡಿಯುತ್ತಿದ್ದದ್ದು ಹಾಗೆಯೇ. ನಮ್ಮನ್ನು ನೋಡಿಯೇ ಕಲಿತಿರಬೇಕು.

ಸ್ಪ್ಯಾನರ್ ಅವನ ತಲೆಯ ಮೇಲಕ್ಕೆ ಎದ್ದಾಗ ಅತ್ತಿಗೆ ಹೋಗಿ ಸಣ್ಣಣ್ಣನ ಮಣಿಕಟ್ಟು ಹಿಡಿದಳು.

"ಪಕ್ಕಕ್ಕೆ ಸರೀರಿ ಅತ್ತಿಗೆ," ಎಂದ ಅವನು. ಅವನ ಕಣ್ಣು ಅಣ್ಣನ ಕಣ್ಣಿನ ಹಾಗೇ ಆಗಿತ್ತು. ನನಗೆ ಆಗ ಮೊದಲ ಸಲ ಅವನನ್ನು ಕಂಡು ಹೆದರಿಕೆಯಾಯಿತು.

"ಇವರನ್ನ ಹೊಡೆಯೋ ಹಕ್ಕು ಯಾರಿಗಾದ್ರೂ ಇದ್ರೆ ಮೊದಲು ನನಗಿದೆ. ನನ್ನ ಸರದಿ ಮುಗಿಯೋವರೆಗೂ ನೀನು ಮುಂದೆ ಬರ್ಬೇಡ."

ಸ್ಪ್ಯಾನರನ್ನು ಅವನ ಕೈಯಿಂದ ಬಿಡಿಸಿಕೊಂಡಳು. ಅದನ್ನು ಹಿಡಿದು ಗಂಡನ ಮೇಲೆ ಬಗ್ಗಿ ನಿಂತಳು. ಅವಳು ಹೊಡೆಯುತ್ತಾಳೆ ಎಂದೇ ನಾವೆಲ್ಲ ಅಂದುಕೊಂಡೆವು. ಅಣ್ಣನೂ ಅಂದುಕೊಂಡ, ಕಣ್ಣು ಬಿಗಿಯಾಗಿ ಮುಚ್ಚಿದ್ದ. ಅವಳು ತುಂಬ ಹೊತ್ತು ಹಾಗೇ ನಿಂತಳು. ಏನು ಲೆಕ್ಕ ಹಾಕಿದಳೋ ನಾನು ಕೇಳಿಲ್ಲ, ಕೇಳುವುದೂ ಇಲ್ಲ. ಆಮೇಲೆ ಸ್ಪ್ಯಾನರನ್ನು ಶೆಡ್ಡಿನ ಮಾಡಿನ ಮೇಲೆ ಎಸೆದಳು. ಅದು ತಗಡಿನ ಮೇಲೆ ಉರುಳಿ ಆಚೆ ಬದಿಗೆ ಬಿತ್ತು.

ನನ್ನತ್ತ ತಿರುಗಿ, "ನಿನ್ನ ಸಣ್ಣಣ್ಣನ ಕೈಗೆ ಎರಡು ಕೋಲು ಕಟ್ಟಿ ಕರ್ಕೊಂಡು ಬಾ," ಎಂದಳು. ಗಂಡನ ಕಡೆಗೆ ಬೆನ್ನು ಹಾಕಿ ಕುಕ್ಕರಗಾಲಲ್ಲಿ ಕೂತಳು. "ಹತ್ತಿ."

ಅವನು ಅಲ್ಲಾಡಲಿಲ್ಲ. ಅವಳು ಅವನ ಎರಡೂ ಕೈಗಳನ್ನು ತನ್ನ ಹೆಗಲ ಮೇಲಿಂದ ಎಳೆದುಕೊಂಡು, ಮುಂದಕ್ಕೆ ಬಾಗಿ, ಅವನನ್ನು ಉಪ್ಪುಮೂಟೆಯಾಗಿ ಹೊತ್ತು ಎದ್ದಳು. ಒದ್ದೆ ಬಲೆಗಳನ್ನು ಹೊತ್ತು ಹೊತ್ತು ಗಟ್ಟಿಯಾದ ಬೆನ್ನು ಅದು. ಒಂದು ಸಲ ಮುಗ್ಗರಿಸಿದಳು, ಮತ್ತೆ ನೆಟ್ಟಗಾದಳು. ಒಂದು ಕಾಲದಲ್ಲಿ ಕ್ವಿಂಟಾಲ್ ಆಗಿದ್ದವನ ಕಾಲುಗಳು ಅವಳ ಎರಡೂ ಪಕ್ಕದಲ್ಲಿ ಸುಮ್ಮನೆ ನೇತಾಡುತ್ತಿದ್ದವು. ಅಂಚಿನಲ್ಲಿ ನಿಂತಿದ್ದ ಜನ ಎರಡು ಪಾಲಾಗಿ ದಾರಿ ಬಿಟ್ಟರು. ಕಾವಲುಗಾರ ಮುಂದೆ ಓಡಿ ಗೇಟು ತೆಗೆದ.

ನಾನು ಸಣ್ಣಣ್ಣನನ್ನು ಹಿಡಿದುಕೊಂಡು ಅವರ ಹಿಂದೆಯೇ ಇದ್ದೆ, ಅದಕ್ಕೆ ನನಗೆ ಕೇಳಿಸಿತು.

"ಇಳಿಸೇ," ಎಂದ ಅಣ್ಣ ಅವಳ ಕಿವಿಯ ಹತ್ತಿರ. "ಜನ ನೋಡ್ತಿದ್ದಾರೆ."

"ನೋಡ್ಲಿ," ಎಂದಳು ಅತ್ತಿಗೆ, ನಡೆಯುವುದನ್ನು ನಿಲ್ಲಿಸದೆ. "ನೀವು ನನ್ನನ್ನ ಅಂಗಳದಲ್ಲಿ ಹಾಕಿ ಹೊಡೀವಾಗಲೂ ಇವರೇ ನೋಡಿದ್ದು."